ಮೊದಲ ಲೆನ್ಸ್ ಆಯ್ತು, ಎರಡನೆಯದು ಯಾವುದು? ಕ್ಯಾನನ್ 50 ಎಂಎಂ 1.8 ಜೊತೆ ಎರಡು ವರ್ಷ

ಹೊಸದಾಗಿ ಕ್ಯಾಮೆರಾ ಕೊಂಡ ಪರಿಚಯದವರೆಲ್ಲ ಆರು ತಿಂಗಳು ಕಳೆಯುವಷ್ಟರಲ್ಲಿ ನನ್ನನ್ನು ಕೇಳುವುದು ಇದನ್ನೇ: ಇನ್ನೊಂದು ಲೆನ್ಸ್ ತಗೊಳ್ಳಬೇಕು ಅಂತಿದ್ದೇನೆ, ಯಾವುದು ತಗೊಳ್ಳಲಿ? ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಉದ್ದನೆಯ ಜೂಮ್ ಲೆನ್ಸ್. ನಾನು ಹೇಳುವುದು ಮಾತ್ರ ಕ್ಯಾನನ್ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ. 50 ಎಂಎಂ ಅಂದರೆ ದೂರದ್ದನ್ನು ಎಷ್ಟು ಹತ್ತಿರ ತೋರಿಸುತ್ತದೆ ಅನ್ನುವ ಅಳತೆ; ಎಫ್ 1.8 ಅಂದರೆ ಬೆಳಕು ಬಿಡುವ ಕಿಂಡಿ ಎಷ್ಟು ಅಗಲ ತೆರೆಯುತ್ತದೆ ಅನ್ನುವುದು, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎರಡು ವರ್ಷದಿಂದ ನನ್ನ ಕ್ಯಾನನ್ 1500ಡಿ ಕ್ಯಾಮೆರಾದ ಮೇಲೆ ಹೆಚ್ಚು ಕಡಿಮೆ ಇದೇ ಕೂತಿದೆ. ಫ್ರೇಮ್ ಮಾಡುವುದು ಹೇಗೆ, ಫೋಕಸ್ ಎಲ್ಲಿ ಇಡಬೇಕು, ಇವೆರಡನ್ನೂ ನನಗೆ ಕಲಿಸಿದ್ದು ಈ ಪುಟ್ಟ ಲೆನ್ಸ್. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಲೆನ್ಸ್ ಬಗ್ಗೆ ಮೊದಲು ಚುಟುಕಾಗಿ. 2015ರಲ್ಲಿ ಬಂದದ್ದು. ಅದಕ್ಕೂ ಮುಂಚೆ 1990ರಿಂದ ಇದ್ದ ಹಳೆಯ 50 ಎಂಎಂಗೆ ಕ್ಯಾಮೆರಾಗೆ ಕೂರುವ ಬಳೆ ಪ್ಲಾಸ್ಟಿಕ್‌ನದು, ಇದಕ್ಕೆ ಲೋಹದ್ದು. ತೂಕ ಸುಮಾರು 160 ಗ್ರಾಂ, ಅಂಗೈಯಲ್ಲಿ ಒಂದು ಕಿತ್ತಳೆ ಹಣ್ಣು ಇಟ್ಟುಕೊಂಡಷ್ಟು. 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ. ಬೆಲೆ ಆಫರ್ ಇದ್ದಾಗ ಒಂದು, ಇಲ್ಲದಾಗ ಒಂದು, ಆದರೂ 10 ಸಾವಿರದ ಆಸುಪಾಸಿನಲ್ಲೇ ಇರುತ್ತದೆ. ಇದು ಜೂಮ್ ಆಗುವುದಿಲ್ಲ. ಕೆಲವರಿಗೆ ಇದೇ ದೊಡ್ಡ ಕೊರತೆ ಅನ್ನಿಸಬಹುದು. ನನಗೆ ಇದೇ ಅತಿ ದೊಡ್ಡ ಉಪಕಾರ.

ಯಾಕೆ ಅಂತ ಹೇಳುತ್ತೇನೆ. ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್‌ನಲ್ಲಿ ಒಂದು ವರ್ಷ ಫೋಟೋ ತೆಗೆದೆ. ನಿಂತ ಜಾಗದಲ್ಲೇ ನಿಂತು ಜೂಮ್ ತಿರುಗಿಸಿ, ಬೇಕಾದವರು ಫ್ರೇಮಿನಲ್ಲಿ ಬಂದ ಕೂಡಲೇ ಒತ್ತಿಬಿಡುತ್ತಿದ್ದೆ. ಮನೆಗೆ ಬಂದು ನೋಡಿದರೆ ಅತ್ತೆಯ ಮುಖ ಚೆನ್ನಾಗಿದೆ, ಆದರೆ ಹಿಂದೆ ಛತ್ರದ ಪ್ಲಾಸ್ಟಿಕ್ ಕುರ್ಚಿಗಳ ರಾಶಿ. ಅಣ್ಣನ ಮಗಳು ನಗುತ್ತಿದ್ದಾಳೆ, ಆದರೆ ಅವಳ ತಲೆಯಿಂದಲೇ ಹುಟ್ಟಿದ ಹಾಗೆ ಒಂದು ಲೈಟ್ ಕಂಬ. ಒತ್ತುವಾಗ ಇದ್ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೋಡುತ್ತಿದ್ದುದು ಮುಖ ಮಾತ್ರ.

50 ಎಂಎಂ ಹಾಕಿದ ಮೇಲೆ ಆ ಸೋಮಾರಿತನ ನಡೆಯುವುದಿಲ್ಲ. ಮುಖ ದೊಡ್ಡದಾಗಿ ಬೇಕಾ, ಎರಡು ಹೆಜ್ಜೆ ಮುಂದೆ ಹೋಗಬೇಕು. ಇಡೀ ಆಳು ಬೇಕಾ, ಹಿಂದಕ್ಕೆ ಬರಬೇಕು. ಹೀಗೆ ಓಡಾಡುವಾಗ ಹಿನ್ನೆಲೆಯೂ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಅರ್ಧ ಹೆಜ್ಜೆ ಎಡಕ್ಕೆ ಸರಿದರೆ ಕಂಬ ತಲೆಯ ಹಿಂದಿನಿಂದ ಪಕ್ಕಕ್ಕೆ ಹೋಗುತ್ತದೆ, ಮಂಡಿ ಊರಿ ಕೂತರೆ ಮಗುವಿನ ಕಣ್ಣಿನ ಮಟ್ಟ ಸಿಗುತ್ತದೆ ಮತ್ತು ನೆಲದ ಬದಲು ಹಿಂದಿನ ತೋಟ ಫ್ರೇಮಿಗೆ ಬರುತ್ತದೆ. ಈಗ ನನಗೆ ಒಂದು ಅಭ್ಯಾಸವಾಗಿದೆ. ಮೊದಲು ಹಿನ್ನೆಲೆ ನೋಡುತ್ತೇನೆ, ಆಮೇಲೆ ನಾಲ್ಕು ಮೂಲೆ, ಕೊನೆಗೆ ಮುಖ. 1500ಡಿ ಇರುವವರು ಮೂಲೆಗಳನ್ನು ಇನ್ನೂ ಜಾಗ್ರತೆಯಿಂದ ನೋಡಬೇಕು. ಇದರ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಜಾಗ) ತೋರಿಸುವುದು ಸುಮಾರು ಶೇ. 95ರಷ್ಟು ಮಾತ್ರ. ನಿಮಗೆ ಕಾಣದ ಇನ್ನಷ್ಟು ಅಂಚು ಫೋಟೋದಲ್ಲಿ ಇರುತ್ತದೆ, ಯಾರದೋ ಮೊಣಕೈ ಅಲ್ಲಿಂದಲೇ ಒಳಗೆ ನುಗ್ಗುವುದು.

ಫ್ರೇಮನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಭಾಗ ಮಾಡಿ, ಗೆರೆ ಸೇರುವ ಕಡೆ ಮುಖ್ಯವಾದದ್ದನ್ನು ಇಡಿ ಅನ್ನುವ ಮಾತು ಎಲ್ಲರೂ ಕೇಳಿರುತ್ತೀರಿ. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿಕೊಂಡು ತೆಗೆಯುವಾಗ, ಗ್ರಿಡ್ ಆನ್ ಮಾಡಿಕೊಂಡರೆ ಆ ಗೆರೆಗಳು ಪರದೆಯ ಮೇಲೇ ಕಾಣುತ್ತವೆ. ಆದರೆ ಶುರುವಿನಲ್ಲಿ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇನ್ನೊಂದು: ವ್ಯಕ್ತಿ ಯಾವ ಕಡೆ ನೋಡುತ್ತಿದ್ದಾರೋ ಆ ಕಡೆ ಜಾಗ ಬಿಡುವುದು. ಅಜ್ಜಿ ಕಿಟಕಿ ಕಡೆ ನೋಡುತ್ತಾ ಅವರೆಕಾಯಿ ಸುಲಿಯುತ್ತಿದ್ದರೆ ಕಿಟಕಿ ಕಡೆ ಜಾಗ ಇರಲಿ, ಬೆನ್ನಿನ ಹಿಂದೆ ಕಡಿಮೆ ಸಾಕು. ಉಲ್ಟಾ ಮಾಡಿದರೆ ನೋಡಿದವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ.

ಸೋಮನಾಥಪುರಕ್ಕೆ ಇದೊಂದೇ ಲೆನ್ಸ್ ತಗೊಂಡು ಹೋಗಿದ್ದೆ. ಮೊದಲ ಅರ್ಧ ಗಂಟೆ ಬೇಜಾರೇ ಆಯಿತು. 1500ಡಿಯ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಚಿಕ್ಕದು, ಹಾಗಾಗಿ 50 ಎಂಎಂ ಲೆನ್ಸ್ ಹಳೆಯ ಫಿಲ್ಮ್ ಕ್ಯಾಮೆರಾದ 80 ಎಂಎಂನಷ್ಟು ಬಿಗಿಯಾಗಿ ಕಾಣುತ್ತದೆ. ಕೇಶವ ದೇವಸ್ಥಾನ ಪೂರ್ತಿ ಬರಲಿ ಅಂತ ಹಿಂದೆ ಹಿಂದೆ ಹೋಗಿ ಕೈಸಾಲೆಯ ಗೋಡೆಗೇ ಬೆನ್ನು ತಾಗಿತು, ಆದರೂ ಫ್ರೇಮಿನಲ್ಲಿ ಪೂರ್ತಿ ಬರಲಿಲ್ಲ. ಆಮೇಲೆ ಇಡೀ ಗುಡಿಯ ಆಸೆ ಬಿಟ್ಟು ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆ) ಮೇಲೆ ಗೋಡೆಯ ಪಕ್ಕದಲ್ಲೇ ನಡೆದೆ. ಕೆಳಗಿನ ಸಾಲಿನಲ್ಲಿ ಆನೆಗಳು, ಅದರ ಮೇಲೆ ಕುದುರೆ ಸವಾರರು, ಅದರ ಮೇಲೆ ಬಳ್ಳಿ.

ಅಲ್ಲಿ ಮಾಡಿದ ಒಂದು ಪ್ರಯೋಗ ನೀವೂ ಮಾಡಿ ನೋಡಿ. ಆನೆ ಸಾಲಿನ ಪಕ್ಕ ಕೂತು, ಗೋಡೆಯ ಉದ್ದಕ್ಕೂ ಓರೆಯಾಗಿ ಕ್ಯಾಮೆರಾ ಹಿಡಿದು, ಮೂರನೇ ಆನೆಯ ಕಣ್ಣಿಗೆ ಫೋಕಸ್ ಮಾಡಿದೆ. ಎಫ್ 1.8ರಲ್ಲಿ ತೆಗೆದಾಗ ಆ ಒಂದು ಆನೆ ಮಾತ್ರ ಶಾರ್ಪ್, ಸೊಂಡಿಲಿನ ಉಳಿಯ ಗುರುತೂ ಕಾಣುತ್ತಿತ್ತು. ಮುಂದಿನ ಎರಡು, ಹಿಂದಿನ ಎಲ್ಲ ಮಂಜಿನಲ್ಲಿ ಕರಗಿದ ಹಾಗೆ. ಎಫ್ 8ಕ್ಕೆ ಬದಲಾಯಿಸಿ ಅದೇ ಜಾಗದಿಂದ ಇನ್ನೊಂದು ತೆಗೆದೆ. ಈಗ ಆನೆಗಳ ಮೆರವಣಿಗೆಯೇ ಕಂಡಿತು. ಎರಡೂ ಒಳ್ಳೆಯ ಫೋಟೋಗಳೇ, ಹೇಳುವ ಕತೆ ಬೇರೆ ಬೇರೆ. ಅಪರ್ಚರ್ (ಆ ಬೆಳಕಿನ ಕಿಂಡಿ) ಅಂದರೆ ಏನು ಅಂತ ಎಷ್ಟೋ ಸಲ ಓದಿದ್ದೆ, ಅರ್ಥ ಆದದ್ದು ಆ ಎರಡು ಫೋಟೋ ಅಕ್ಕಪಕ್ಕ ಇಟ್ಟಾಗ. ಬೆಳಗ್ಗೆ ಬೇಗ ಹೋಗಿ, ಓರೆಯಾಗಿ ಬಿಸಿಲು ಬಿದ್ದಾಗಲೇ ಕೆತ್ತನೆ ಎದ್ದು ಕಾಣುವುದು. ಒಳಗೆ ಕತ್ತಲು, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಒಳಛಾವಣಿಯ ಕೆತ್ತನೆಯನ್ನು ಕೈಯಲ್ಲೇ ಹಿಡಿದು ತೆಗೆಯಲು ಆಗಿದ್ದು ಎಫ್ 1.8 ಇದ್ದದ್ದರಿಂದ. ಕಿಟ್ ಲೆನ್ಸ್ 50ರ ಹತ್ತಿರ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಅದಕ್ಕೆ ಹೋಲಿಸಿದರೆ ಇಲ್ಲಿ ಬೆಳಕು ಹೆಚ್ಚು ಕಡಿಮೆ ಹತ್ತು ಪಟ್ಟು ಒಳಗೆ ಬರುತ್ತದೆ. ಅದರಲ್ಲಿ ಶಟರ್ 1/10 ಸೆಕೆಂಡ್ ತೆರೆದಿರಬೇಕಾದ ಕಡೆ ಇದರಲ್ಲಿ 1/100 ಸಾಕು.

ಈಗ ಫೋಕಸ್ ವಿಷಯ. ಇಲ್ಲೇ ಹೊಸಬರು ಲೆನ್ಸ್ ಸರಿ ಇಲ್ಲ ಅಂತ ವಾಪಸ್ ಕೊಡಲು ಹೊರಡುವುದು.

ಲೆನ್ಸ್ ಬಂದ ವಾರದಲ್ಲೇ ನೆಂಟರ ಮನೆಯಲ್ಲಿ ನಾಮಕರಣ. ಎಲ್ಲ ಫೋಟೋ ಎಫ್ 1.8ರಲ್ಲೇ ತೆಗೆದೆ, ಹಿನ್ನೆಲೆ ಬೆಣ್ಣೆಯ ಹಾಗೆ ಕರಗುವುದು ನೋಡಿ ಖುಷಿಯೋ ಖುಷಿ. ರಾತ್ರಿ ಕಂಪ್ಯೂಟರ್‌ಗೆ ಹಾಕಿ ದೊಡ್ಡದು ಮಾಡಿದಾಗ ಎದೆ ಧಸಕ್ ಅಂದಿತು. ಮಗುವಿನ ಕಿವಿ ಶಾರ್ಪ್, ಕಣ್ಣು ಬ್ಲರ್. ಇನ್ನೊಂದರಲ್ಲಿ ತೊಟ್ಟಿಲಿನ ಹೂವು ಶಾರ್ಪ್, ಮಗು ಬ್ಲರ್. ಆ ದಿನ ಮತ್ತೆ ಬರುವುದಿಲ್ಲ ಅಲ್ವಾ, ತುಂಬಾ ನೋವಾಯಿತು.

ಕಾರಣ ಹುಡುಕಿದಾಗ ಎರಡು ತಪ್ಪು ಸಿಕ್ಕವು, ಎರಡೂ ನನ್ನವೇ. ಒಂದು, ಫೋಕಸ್ ಪಾಯಿಂಟ್ (ಫ್ರೇಮಿನಲ್ಲಿ ಯಾವ ಜಾಗಕ್ಕೆ ಫೋಕಸ್ ಅನ್ನುವ ಚುಕ್ಕೆ) ಆರಿಸುವ ಕೆಲಸ ಕ್ಯಾಮೆರಾಗೆ ಬಿಟ್ಟಿದ್ದೆ. ಹಾಗೆ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರ ಇರುವುದನ್ನು ಹಿಡಿಯುತ್ತದೆ, ತೊಟ್ಟಿಲಿನ ಹೂವು ಹತ್ತಿರ ಇತ್ತು. 1500ಡಿಯಲ್ಲಿ 9 ಪಾಯಿಂಟ್ ಇವೆ, ಯಾವುದು ಬೇಕೋ ಒಂದನ್ನು ನಾವೇ ಆರಿಸಬಹುದು. ನಡುವಿನದು ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಗುರುತಿಸುತ್ತದೆ, ಕತ್ತಲಲ್ಲಿ ಅದನ್ನೇ ನಂಬಿ. ಎರಡನೇ ತಪ್ಪು, ನಡುವಿನ ಪಾಯಿಂಟ್ ಕಣ್ಣಿನ ಮೇಲಿಟ್ಟು, ಬಟನ್ ಅರ್ಧ ಒತ್ತಿ ಹಿಡಿದು, ಆಮೇಲೆ ಫ್ರೇಮ್ ಚೆನ್ನಾಗಿರಲಿ ಅಂತ ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿದ್ದು. ಕಿಟ್ ಲೆನ್ಸ್‌ನಲ್ಲಿ ಇದು ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಎಫ್ 1.8ರಲ್ಲಿ, ಒಂದು ಮೀಟರ್ ದೂರದ ಮುಖದಲ್ಲಿ ಶಾರ್ಪ್ ಆಗಿ ಬರುವ ಪದರದ ದಪ್ಪ ಸುಮಾರು ಎರಡೂವರೆ ಸೆಂಟಿಮೀಟರ್ ಅಷ್ಟೇ. ಕ್ಯಾಮೆರಾ ತಿರುಗಿಸಿದರೆ ಆ ಪದರವೂ ಜೊತೆಗೇ ತಿರುಗಿ ಕಣ್ಣಿನ ಹಿಂದಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ಕಿವಿ ಶಾರ್ಪ್ ಬಂದದ್ದು.

ಈಗ ಮಾಡುವುದು ಹೀಗೆ. ಮೊದಲು ಫ್ರೇಮ್ ಮಾಡಿಕೊಂಡು, ಕಣ್ಣಿಗೆ ಹತ್ತಿರ ಇರುವ ಪಾಯಿಂಟನ್ನೇ ಆರಿಸಿ, ಅರ್ಧ ಒತ್ತಿ, ಬೀಪ್ ಕೇಳಿದ ಕೂಡಲೇ ಪೂರ್ತಿ ಒತ್ತುತ್ತೇನೆ. ಮುಖ ಓರೆಯಾಗಿದ್ದರೆ ನಮಗೆ ಹತ್ತಿರದ ಕಣ್ಣಿಗೆ ಫೋಕಸ್. ಹತ್ತಿರದ ಮುಖಕ್ಕೆ ಎಫ್ 2.8, ಇಬ್ಬರಿದ್ದರೆ ಎಫ್ 4, ಸಾಲಾಗಿ ನಿಂತ ಗುಂಪಿಗೆ ಎಫ್ 5.6. ಹಿನ್ನೆಲೆ ಕರಗಬೇಕಾದರೆ 1.8ಕ್ಕೇ ಜೋತು ಬೀಳಬೇಕಾಗಿಲ್ಲ, ವ್ಯಕ್ತಿಯನ್ನು ಗೋಡೆಯಿಂದ ಹತ್ತು ಅಡಿ ಮುಂದೆ ಕರೆದುಕೊಂಡು ಬನ್ನಿ, ಎಫ್ 4ರಲ್ಲೂ ಗೋಡೆ ಮೆತ್ತಗಾಗುತ್ತದೆ. ಓಡಾಡುವ ಮಕ್ಕಳಿಗೆ ಒನ್ ಶಾಟ್ (ಒಮ್ಮೆ ಫೋಕಸ್ ಹಿಡಿದು ನಿಲ್ಲುವುದು) ಬಿಟ್ಟು ಎಐ ಸರ್ವೋ (ಆಳು ಸರಿದಂತೆ ಫೋಕಸ್ ಹಿಂಬಾಲಿಸುವುದು) ಹಾಕಿ. ಒಂದೇ ಬಣ್ಣದ ಗೋಡೆ, ಬಿಳಿ ಪಂಚೆ, ಇಂಥದ್ದರ ಮೇಲೆ ಫೋಕಸ್ ಹಿಡಿಯದೆ ಲೆನ್ಸ್ ಹಿಂದೆ ಮುಂದೆ ಒದ್ದಾಡುತ್ತದೆ. ಪಂಚೆಯ ಅಂಚಿಗೆ ಪಾಯಿಂಟ್ ಇಟ್ಟರೆ ಥಟ್ಟನೆ ಹಿಡಿಯುತ್ತದೆ, ಅದಕ್ಕೆ ಬೇಕಾದದ್ದು ಒಂದು ಗೆರೆ. ದೀಪಾವಳಿಯ ಹಣತೆಗೆ ನಾನು ಲೈವ್ ವ್ಯೂನಲ್ಲಿ 10 ಪಟ್ಟು ದೊಡ್ಡದು ಮಾಡಿ ನೋಡಿಕೊಂಡು ಕೈಯಲ್ಲೇ ಫೋಕಸ್ ಮಾಡುತ್ತೇನೆ.

ಇಷ್ಟೆಲ್ಲ ಒಟ್ಟಿಗೆ ಕೂಡಿಬಂದದ್ದು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ. ಬೆಳಗಿನ ಹೊತ್ತು, ಹೂವಿನ ಸಾಲು. ಮಲ್ಲಿಗೆ ಕಟ್ಟುತ್ತಿದ್ದ ಒಬ್ಬ ಅಮ್ಮನ ಮುಂದೆ ಕೂತು ಕೇಳಿದೆ, "ಅಮ್ಮ, ನಿಮ್ಮ ಕೈದು ಒಂದು ಫೋಟೋ ತಗೊಳ್ಳಲಾ?" ಅವರು ತಲೆ ಎತ್ತದೆ, "ತಗೋಪ್ಪ, ಆಮೇಲೆ ಒಂದು ಮಾರು ಹೂವಾನೂ ತಗೋ" ಅಂದರು. ನಾರು ಎಡಗೈ ಬೆರಳಿಗೆ ಸುತ್ತಿಕೊಂಡಿತ್ತು, ಬಲಗೈ ನಾಲ್ಕು ಮೊಗ್ಗು ಎತ್ತಿ, ಎರಡು ಈ ಕಡೆ ಎರಡು ಆ ಕಡೆ ಇಟ್ಟು, ಒಂದು ಕುಣಿಕೆ ಹಾಕಿ ಎಳೆಯುತ್ತಿತ್ತು. ಬೆರಳ ತುದಿಯಲ್ಲಿ ನಾರು ಉಜ್ಜಿ ಉಜ್ಜಿ ಹಸಿರು ಕಲೆ. ಮೊದಲು ಎಫ್ 1.8ರಲ್ಲಿ ತೆಗೆದೆ, ಅಷ್ಟು ಹತ್ತಿರದಿಂದ ಒಂದು ಮೊಗ್ಗು ಬಿಟ್ಟು ಏನೂ ಶಾರ್ಪ್ ಇರಲಿಲ್ಲ. 35 ಸೆಂಟಿಮೀಟರ್‌ನಲ್ಲಿ ಆ ಪದರ ಬರೀ ಮೂರು ಮಿಲಿಮೀಟರ್. ಎಫ್ 4ಕ್ಕೆ ಹೋದೆ, ಒಂಚೂರು ಹಿಂದೆ ಸರಿದೆ, ಪಾಯಿಂಟನ್ನು ಕುಣಿಕೆ ಬೀಳುವ ಜಾಗಕ್ಕೆ ಇಟ್ಟು ಕಾದೆ. ಬೆರಳು, ಕುಣಿಕೆ, ಮೊಗ್ಗು ಮೂರೂ ಸ್ಪಷ್ಟ. ಹಿಂದೆ ಚೆಂಡುಹೂವಿನ ರಾಶಿ ಬರೀ ಹಳದಿಯಾಗಿ ಉಳಿಯಿತು. ಮುಖ ಫ್ರೇಮಿನಲ್ಲಿ ಇರಲೇ ಇಲ್ಲ, ಬೇಕಾಗಿಯೂ ಇರಲಿಲ್ಲ. ಈ ಎರಡು ವರ್ಷದಲ್ಲಿ ತೆಗೆದದ್ದರಲ್ಲಿ ನನಗೆ ಅತಿ ಇಷ್ಟವಾದ ಫೋಟೋ ಅದು. ಪ್ರಿಂಟ್ ಹಾಕಿಸಿ ಅವರಿಗೂ ಒಂದು ಕೊಟ್ಟು ಬಂದೆ.

ಕೊರತೆಗಳನ್ನೂ ಹೇಳಬೇಕು. ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇಲ್ಲ, ಶಟರ್ ವೇಗ 1/100 ಸೆಕೆಂಡಿಗಿಂತ ನಿಧಾನ ಆಗದಂತೆ ನೋಡಿಕೊಳ್ಳಿ. ಫೋಕಸ್ ರಿಂಗ್ ನಡೆಯುವುದು ಕರೆಂಟಿನಲ್ಲಿ, ಕ್ಯಾಮೆರಾ ಆಫ್ ಇದ್ದರೆ ತಿರುಗಿಸಿದರೂ ಏನೂ ಆಗುವುದಿಲ್ಲ. ಹತ್ತಿರ ಫೋಕಸ್ ಮಾಡುವಾಗ ಮುಂದಿನ ಕೊಳವೆ ಸ್ವಲ್ಪ ಹೊರಗೆ ಬರುತ್ತದೆ. ಬ್ಯಾಗಿಗೆ ಹಾಕುವ ಮುಂಚೆ ದೂರದ್ದೇನಕ್ಕಾದರೂ ಫೋಕಸ್ ಮಾಡಿ, ಒಳಗೆ ಹೋದ ಮೇಲೆ ಆಫ್ ಮಾಡಿ, ಹೊರಗಿದ್ದಾಗ ಒತ್ತಿದರೆ ಒಳಗಿನ ಮೋಟಾರಿಗೆ ಪೆಟ್ಟು. ಎಫ್ 1.8ರಲ್ಲಿ ಬಿಸಿಲಿಗೆ ಹೊಳೆಯುವ ಪಾತ್ರೆಯ ಅಂಚಿಗೆ ನೇರಳೆ ಗೆರೆ ಬರುತ್ತದೆ, ಎಫ್ 2.8ಕ್ಕೆ ಬಂದರೆ ಬಹಳ ಕಡಿಮೆ. ಬಿಸಿಲು ಮರೆ ಮಾಡುವ ಹುಡ್ ಡಬ್ಬಿಯಲ್ಲಿ ಬರುವುದಿಲ್ಲ, ಇಎಸ್-68 ಅಂತ ಕೇಳಿ ಬೇರೆ ತಗೊಳ್ಳಬೇಕು. ಫಿಲ್ಟರ್ ಅಳತೆ 49 ಎಂಎಂ.

ಯಾರಿಗೆ ಬೇಡ? ರಂಗನತಿಟ್ಟಿನ ಹಕ್ಕಿಗಳಿಗಾಗಿ ಕ್ಯಾಮೆರಾ ಕೊಂಡಿದ್ದರೆ ಇದರಲ್ಲಿ ಕೊಕ್ಕರೆ ಒಂದು ಚುಕ್ಕೆ ಮಾತ್ರ, ಅದಕ್ಕೆ ಉದ್ದನೆಯ ಜೂಮೇ ಬೇಕು. ಮನೆಯೊಳಗಿನ ಗುಂಪು ಫೋಟೋಗಳೇ ಜಾಸ್ತಿ ಅನ್ನುವವರಿಗೂ ಇಕ್ಕಟ್ಟು. 12 ಅಡಿಯ ಹಾಲ್‌ನಲ್ಲಿ ಗೋಡೆಗೆ ಒರಗಿ ನಿಂತರೂ ಮೂರು ಜನರಿಗಿಂತ ಹೆಚ್ಚು ಹಿಡಿಸುವುದು ಕಷ್ಟ. ಅಂಥ ದಿನ ನಾನೂ ಕಿಟ್ ಲೆನ್ಸ್ ಹಾಕಿಕೊಳ್ಳುತ್ತೇನೆ.

ನಿಕಾನ್ ಇರುವವರು ಎಎಫ್-ಎಸ್ 50 ಎಂಎಂ 1.8ಜಿ ನೋಡಿ. ಹಳೆಯ 1.8ಡಿ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಡಿ3500 ತರಹದ ಕ್ಯಾಮೆರಾಗೆ ತಗೊಳ್ಳಬೇಡಿ. ಆ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ, ಆ ಲೆನ್ಸ್‌ನಲ್ಲೂ ಇಲ್ಲ, ಎಲ್ಲವನ್ನೂ ಕೈಯಲ್ಲೇ ತಿರುಗಿಸಬೇಕಾಗುತ್ತದೆ. ಕ್ಯಾನನ್‌ನ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಇದ್ದವರಿಗೆ ಆರ್‌ಎಫ್ 50 ಎಂಎಂ 1.8 ಬೇರೆಯೇ ಇದೆ. ನಮ್ಮ ಈ ಇಎಫ್ ಲೆನ್ಸ್ ಅಡಾಪ್ಟರ್ ಹಾಕಿದರೆ ಆ ಕ್ಯಾಮೆರಾಗೂ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ನಿಮ್ಮ ಕ್ಯಾಮೆರಾ ಜೊತೆಗೇ ಒಯ್ಯಿರಿ. ಅಂಗಡಿಯಲ್ಲೇ ಎಫ್ 1.8ಕ್ಕೆ ಇಟ್ಟು, ಒಂದು ಪೇಪರ್ ಮೇಲಿನ ಅಕ್ಷರಕ್ಕೆ ಓರೆಯಾಗಿ ಫೋಕಸ್ ಮಾಡಿ, ನೀವು ಪಾಯಿಂಟ್ ಇಟ್ಟ ಸಾಲೇ ಶಾರ್ಪ್ ಬಂದಿದೆಯಾ ಅಂತ ದೊಡ್ಡದು ಮಾಡಿ ನೋಡಿಕೊಂಡು ಆಮೇಲೆ ದುಡ್ಡು ಕೊಡಿ.