ಸಾವಾನಾ, ಮಿಯಾಮಾನಾ? ಯಾರ ಆಟ ಮೊದ್ಲು ನೋಡೋದು

ಫುಟ್‌ಬಾಲ್‌ನಲ್ಲಿ ಮಿಡ್‌ಫೀಲ್ಡ್ (ಮೈದಾನದ ನಡುಭಾಗ) ಆಡೋರು ಜಪಾನ್‌ನ ಒಬ್ಬ ಆಟಗಾರ್ತೀನ ಹಿಡ್ಕೊಂಡು ಕೂತು ನೋಡ್ಬೇಕು ಅಂದ್ರೆ ಹೋಮಾರೆ ಸಾವಾ ಇಲ್ಲಾ ಆಯಾ ಮಿಯಾಮಾ, ಇವರಿಬ್ಬರಲ್ಲಿ ಒಬ್ರು.

ಫೇಮ್ ಲೆಕ್ಕದಲ್ಲಿ ಸಾವಾನೇ, ಮಾತೇ ಇಲ್ಲ. 1995ರಿಂದ 2015ರವರೆಗೆ 6 ವರ್ಲ್ಡ್ ಕಪ್ ಆಡಿದ್ದು, 2011ರಲ್ಲಿ ಕ್ಯಾಪ್ಟನ್ ಆಗಿ ಕಪ್ ಎತ್ತಿದ್ದು, 5 ಗೋಲ್ ಹೊಡೆದು ಗೋಲ್ಡನ್ ಬೂಟ್ (ಹೆಚ್ಚು ಗೋಲ್ ಹೊಡೆದೋರಿಗೆ), ಗೋಲ್ಡನ್ ಬಾಲ್ (ಟೂರ್ನಿಯ ಬೆಸ್ಟ್ ಆಟಗಾರ್ತಿಗೆ) ಎರಡನ್ನೂ ಬಾಚ್ಕೊಂಡಿದ್ದು, ಆಮೇಲೆ ಫಿಫಾದ ವರ್ಷದ ಆಟಗಾರ್ತಿ ಪ್ರಶಸ್ತಿ ಬೇರೆ.

ಆದ್ರೆ ಅಮೆರಿಕ ವಿರುದ್ಧದ 2011ರ ಆ ಫ್ರಾಂಕ್‌ಫರ್ಟ್ ಫೈನಲ್ ಇನ್ನೊಂದ್ಸಲ ಹಾಕಿ ನೋಡಿ, 81ನೇ ನಿಮಿಷದಲ್ಲಿ ಡಿಫೆನ್ಸ್ ತಡಬಡಾಯಿಸ್ತಿದ್ದಾಗ ನುಗ್ಗಿ 1-1 ಮಾಡಿದ್ದು ಮಿಯಾಮಾ, ಎಕ್ಸ್‌ಟ್ರಾ ಟೈಮ್‌ನ 117ನೇ ನಿಮಿಷದಲ್ಲಿ ಸಾವಾ ಓಡಿ ಬಂದು ಬಲಗಾಲಿನ ಹೊರಬದೀಲಿ ತಟ್ಟಿ 2-2 ಮಾಡಿದ ಆ ಫೇಮಸ್ ಗೋಲ್‌ಗೆ ಕಾರ್ನರ್ ಹಾಕಿದ್ದೂ ಅವ್ರೇ, ಅದನ್ನ ಯಾರೂ ನೆನೆಸ್ಕೊಳಲ್ಲ ಬಿಡಿ. ಪೆನಾಲ್ಟೀಲಿ ಗೆದ್ದ ಮೇಲೆ ಮಿಯಾಮಾ ಕುಣಿಯೋದು ಬಿಟ್ಟು ಸೋತ ಅಮೆರಿಕದವ್ರನ್ನ ಸಮಾಧಾನ ಮಾಡೋಕೆ ಹೋಗಿದ್ರು. 2012ರ ಲಂಡನ್ ಒಲಿಂಪಿಕ್ಸ್ ಬೆಳ್ಳಿ ಬಂದಾಗ ಕ್ಯಾಪ್ಟನ್ ಅವ್ರೇ.

ಬಾಕ್ಸ್ (ಗೋಲ್ ಮುಂದಿನ ಚೌಕ) ಒಳಗೆ ಯಾವಾಗ ನುಗ್ಬೇಕು ಅನ್ನೋದು ಬೇಕಾದ್ರೆ ಸಾವಾ. ಫ್ರೀ ಕಿಕ್, ಕಾರ್ನರ್, ಎರಡೂ ಕಾಲಲ್ಲಿ ಪಾಸಿಂಗ್ ಕಲೀಬೇಕಾದ್ರೆ ಮಿಯಾಮಾ, ನನ್ನ ವೋಟೂ ಅವ್ರಿಗೇ.