ಇಶಾಪುರದ .315ಕ್ಕೆ ಖಡ್ಕಿ ತೋಟಾ: ನೂರು ಮೀಟರ್ ಒಳಗೆ ಭೇಷ್, ಆಚೆಗೆ ಆಸೆ ಬೇಡ

ಮೈಸೂರು, ಮಂಡ್ಯ ಕಡೆ ಬೆಳೆ ರಕ್ಷಣೆಗೆಂದು ರೈಫಲ್ ಲೈಸೆನ್ಸ್ ಇರುವವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಬಂಗಾಳದ ಇಶಾಪುರ ಕಾರ್ಖಾನೆಯ .315 ಇಂಚಿನ ರೈಫಲ್. ಹಳೇ ಲೀ-ಎನ್‌ಫೀಲ್ಡ್ ಮಿಲಿಟರಿ ರೈಫಲ್‌ನದೇ ಬೋಲ್ಟು, ಬ್ಯಾರೆಲ್ ಮಾತ್ರ ಬೇರೆ. ಅದರ ಅಣ್ಣ .303 ಪ್ರೊಹಿಬಿಟೆಡ್ ಬೋರ್ (ಕಾನೂನು ನಿಷೇಧಿಸಿದ ಅಳತೆ) ಆದ್ದರಿಂದ ಸಾಮಾನ್ಯ ಲೈಸೆನ್ಸಿಗೆ ಸಿಗದು. ತೋಟಾ ಬರುವುದು ಪುಣೆ ಹತ್ತಿರದ ಖಡ್ಕಿ ಕಾರ್ಖಾನೆಯಿಂದ. 2021ರಿಂದ ಅದು ಮ್ಯೂನಿಷನ್ಸ್ ಇಂಡಿಯಾ ಕಂಪನಿಯ ಕೆಳಗಿದೆ.

ಲೈಸೆನ್ಸಲ್ಲಿ .315, ಡಬ್ಬಿ ಮೇಲೆ 8 ಎಂಎಂ. ಗಾಬರಿ ಬೇಡ, ಎರಡೂ ಒಂದೇ: ಆಸ್ಟ್ರಿಯಾದ ಹಳೇ 8×50, ರಿಮ್ (ತಳದಲ್ಲಿ ಹೊರಚಾಚಿದ ಅಂಚು) ಇರುವ ಮಾನ್‌ಲಿಕರ್ ತೋಟಾ. ಗುಂಡನ್ನು ಅಳೆದರೆ .323 ಇಂಚು ಬರುತ್ತದೆ, ಏಕೆಂದರೆ .315 ಎಂಬುದು ಬ್ಯಾರೆಲ್ಲಿನ ಗೀರುಗಳ ನಡುವಿನ ಉಬ್ಬಿನ ಅಳತೆ. ಆದರೆ '8 ಎಂಎಂ' ಎಂದಿದ್ದದ್ದೆಲ್ಲ ಇದಲ್ಲ. ಜರ್ಮನ್ ಮೌಸರ್‌ನ 8×57, ಹಂಗೇರಿ-ಆಸ್ಟ್ರಿಯಾದ 8×56 ಬೇರೆಯೇ ತೋಟಾಗಳು. 8×56ರ ಗುಂಡು ದಪ್ಪವೂ ಹೆಚ್ಚು. ಯಾರದೋ ಅಟ್ಟದ ಮೇಲಿದ್ದ ಮಾಲನ್ನು ಹಾಕಿ ನೋಡುವ ಸಾಹಸ ಬೇಡ.

ಗುಂಡು 244 ಗ್ರೇನ್, ಅಂದರೆ ಸುಮಾರು 15.8 ಗ್ರಾಂ, ಮೂತಿ ಮೆತ್ತನೆ ಸೀಸ. ವೇಗ ಸೆಕೆಂಡಿಗೆ 600 ಮೀಟರ್ ಚಿಲ್ಲರೆ. ಭಾರ ಜಾಸ್ತಿ, ಓಟ ಕಮ್ಮಿ. 100 ಮೀಟರ್‌ಗೆ ಸೈಟ್ (ಗುರಿ ನೋಡುವ ಕಿಂಡಿ-ಕಡ್ಡಿ) ಕೂರಿಸಿದರೆ 200ರಲ್ಲಿ ಗುಂಡು ಹೆಚ್ಚುಕಡಿಮೆ ಒಂದು ಅಡಿ ಕೆಳಗೆ ಬೀಳುತ್ತದೆ. ಹಾಗಾಗಿ ದೂರದ ಹೊಡೆತಕ್ಕೆ ಇದಲ್ಲ. ಹತ್ತಿರಕ್ಕೆ ಇದರ ಪೆಟ್ಟನ್ನು ದೂರುವಂತಿಲ್ಲ.

ಅಮೆರಿಕದ ವಿಡಿಯೊ ನೋಡಿ 'ಜಿಂಕೆಗೆ ಯಾವ ಗುಂಡು' ಎಂದು ಅಂಗಡಿಯಲ್ಲಿ ಕೇಳುವವರಿದ್ದಾರೆ. ಅಲ್ಲಿ ಹಳೇ .303ಕ್ಕೆ 180 ಗ್ರೇನ್ ಸಾಫ್ಟ್ ನೋಸ್ ಕೊಳ್ಳುತ್ತಾರೆ; ಪೂರ್ತಿ ತಾಮ್ರ ಹೊದಿಸಿದ ಮಿಲಿಟರಿ ಗುಂಡು ಅರಳದೆ ತೂರಿಹೋಗುವುದರಿಂದ ಹಲವು ರಾಜ್ಯಗಳಲ್ಲಿ ಜಿಂಕೆಗೆ ಅದು ನಿಷಿದ್ಧ. ಇಲ್ಲಿ ಜಿಂಕೆ ಬೇಟೆಯೇ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮೇಲುಕೋಟೆ ಸುತ್ತ ಹಂದಿ ಹೊಲ ಹಾಳುಮಾಡಿದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟ್ರಿಗರ್ ಮುಟ್ಟುವಂತಿಲ್ಲ.

ನಮಗೆ ಬ್ರ್ಯಾಂಡ್ ಆರಿಸುವ ಭಾಗ್ಯ ಕಮ್ಮಿ. ಆರಿಸಬೇಕಾದ್ದು ಲಾಟ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತು) ಮತ್ತು ಸ್ಥಿತಿ. ಬೇಕಾದ್ದಷ್ಟನ್ನೂ ಒಂದೇ ಲಾಟ್ ನಂಬರಿನಲ್ಲಿ ಕೇಳಿ. ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು, ರೇಂಜಿನಲ್ಲಿ ಮತ್ತೆ ಸೈಟ್ ನೋಡಬೇಕು. ತಳದ ಮೇಲೆ ಬೆರಳಾಡಿಸಿ, ನಡುವಿನ ಕ್ಯಾಪ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಉಬ್ಬಿದ್ದರೆ ಬೇಡ. ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಬೇಡ. ಗುಂಡು ಬೆರಳಲ್ಲಿ ತಿರುಗುತ್ತಿದ್ದರೆ ಮೊದಲೇ ಬೇಡ.

ತೋಟಾ ಕೆಡುವುದು ಹೆಚ್ಚಾಗಿ ಮನೆಯಲ್ಲೇ. ಯೂರಿಯಾ ಮೂಟೆಯ ಪಕ್ಕ, ಕೊಟ್ಟಿಗೆಯ ಗೋಡೆಗೆ ಇಟ್ಟರೆ ಅಮೋನಿಯಾ ಹಿತ್ತಾಳೆಯನ್ನು ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಮಳೆಗಾಲಕ್ಕೆ ಕುದುರೆಲಾಯದಲ್ಲಿ ಇಟ್ಟ ತೋಟಾಗಳು ಹೀಗೇ ಬಿರುಕುಬಿಡುತ್ತಿದ್ದವು. ಕಾರಣ ಅಮೋನಿಯಾ ಎಂದು ವಿವರಿಸಿದ್ದು 1921ರಲ್ಲಿ. ಚರ್ಮದ ಪಟ್ಟಿಯಲ್ಲಿ ಬಿಟ್ಟರೆ ಹಸಿರು ಕಿಲುಬು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬೀಗ: ಇಷ್ಟು ಸಾಕು. ಎಣ್ಣೆ ಮಾತ್ರ ಸವರಬೇಡಿ. ಅದು ಕ್ಯಾಪಿನೊಳಗೆ ಇಳಿದು ಮದ್ದನ್ನು ಕೊಲ್ಲುತ್ತದೆ. ಚೇಂಬರಿನಲ್ಲಿ (ಬ್ಯಾರೆಲ್ಲಿನ ಹಿಂಬದಿ ತೋಟಾ ಕೂರುವ ಗೂಡು) ಕೇಸು, ಅಂದರೆ ತೋಟಾದ ಹಿತ್ತಾಳೆ ಕೊಳವೆ, ಜಾರಿ ಬೋಲ್ಟಿನ ಮೇಲೆ ಒತ್ತಡವೂ ಏರುತ್ತದೆ.

ಮ್ಯಾಗಜೀನ್ ತುಂಬುವಾಗ ಮೇಲಿನ ತೋಟಾದ ರಿಮ್ ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಸಿಕ್ಕಿಕೊಂಡು ಬೋಲ್ಟ್ ಮುಂದೆ ಹೋಗದು. ಜಾಮ್ ಆಯಿತೆಂದು ತೋಟಾವನ್ನು ಬೈಯುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಇಲ್ಲೇ ಇರುತ್ತದೆ.

ಖಾಲಿ ಕೇಸಿನ ರಿಮ್‌ನಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಹೊಳೆಯುವ ಉಂಗುರ ಕಂಡರೆ ಬೋಲ್ಟ್‌-ಚೇಂಬರ್ ನಡುವಿನ ಸಂದು ಜಾಸ್ತಿಯಾಗಿದೆ, ಮುಂದೊಮ್ಮೆ ಕೇಸು ಅಲ್ಲೇ ಎರಡು ತುಂಡಾಗಬಹುದು. ಹೊಸ ಡಬ್ಬಿ ಕೊಳ್ಳುವ ಮೊದಲು ರೈಫಲ್ ಅನ್ನು ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ. ಟ್ರಿಗರ್ ಒತ್ತಿದರೂ ಹಾರದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಒಂದು ನಿಮಿಷ ಕಾದು ಆಮೇಲೆ ಬೋಲ್ಟ್ ತೆಗೆಯಿರಿ. ಸದ್ದು ಪುಸ್ ಎಂದರೆ ಗುಂಡು ಬ್ಯಾರೆಲ್ಲಿನಲ್ಲೇ ಸಿಕ್ಕಿರಬಹುದು, ಇನ್ನೊಂದು ಹಾಕಬೇಡಿ. ಬೋಲ್ಟ್ ಹೊರಗೆಳೆದು, ಬ್ಯಾರೆಲ್ಲಿನಲ್ಲಿ ಬೆಳಕು ಕಾಣುವುದೇ ಎಂದು ಹಿಂದಿನಿಂದ ನೋಡಿ.