ಒಂದು ಕೈಯಲ್ಲಿ ಒತ್ತಲು ಬರುತ್ತಾ? ವಿಂಡೋಸ್ 11 ಮತ್ತು ಲಿನಕ್ಸ್ ಮಿಂಟ್

ಗಂಗಾವತಿಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಮುಂದಿನದರಲ್ಲಿ ವಿಂಡೋಸ್ 11. ಒಳಗಿನದು ಹಳೆಯದು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಈ ಹಳೆಯ ಕಂಪ್ಯೂಟರ್‌ನ ಪ್ರೊಸೆಸರ್ ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆವು, ಸಿನಮನ್ ಡೆಸ್ಕ್‌ಟಾಪ್ (ಪರದೆಯ ನೋಟ, ಮೆನು ನಿಭಾಯಿಸುವ ಭಾಗ) ಇರುವುದು. ಎರಡರಲ್ಲೂ ಅದೇ ಕೆಲಸ: ಅರ್ಜಿ ತುಂಬುವುದು, ಲಗ್ನಪತ್ರಿಕೆ, ರೈಸ್ ಮಿಲ್‌ಗಳ ಬಿಲ್ಲು. ಶಾರ್ಟ್‌ಕಟ್‌ಗೆ ನಾನು ಹಾಕುವ ಪರೀಕ್ಷೆ ಒಂದೇ. ಒಂದು ಕೈಯಲ್ಲಿ ಒತ್ತಲು ಬರುತ್ತಾ? ಇನ್ನೊಂದು ಕೈಯಲ್ಲಿ ಯಾರದೋ ಆಧಾರ್ ಜೆರಾಕ್ಸ್ ಇರುತ್ತದೆ, ಇಲ್ಲವೇ ಫೋನು.

ಕಾಪಿ-ಪೇಸ್ಟ್‌ನಿಂದ ಶುರು ಮಾಡೋಣ, ದಿನವಿಡೀ ಮಾಡುವುದು ಅದನ್ನೇ. ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಹಿಂದೆ ಕಾಪಿ ಮಾಡಿದ್ದೆಲ್ಲ ಸಾಲಾಗಿ ಬರುತ್ತದೆ, 25ರವರೆಗೆ. ಮೊದಲ ಸಲ ಅದೇ ಕೀ ಒತ್ತಿ ಆನ್ ಮಾಡಿಕೊಳ್ಳಬೇಕು. ಅರ್ಜಿದಾರರ ಹೆಸರು, ತಂದೆ ಹೆಸರು, ಊರು, ಕಾರಟಗಿ ತಾಲೂಕು, ಎಲ್ಲ ಒಮ್ಮೆಗೇ ಕಾಪಿ ಮಾಡಿಟ್ಟುಕೊಂಡು ಒಂದೊಂದೇ ಇಳಿಸಬಹುದು. ಎಡಗೈ ಒಂದೇ ಸಾಕು. ಬೇಕಾದ್ದನ್ನು ಪಿನ್ ಮಾಡಿದರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೂ ಉಳಿಯುತ್ತದೆ. ನಮ್ಮ ಅಂಗಡಿ ವಿಳಾಸ ಹಾಗೇ ಪಿನ್ ಆಗಿ ಕೂತಿದೆ.

ಮಿಂಟ್‌ನಲ್ಲಿ ಇಂಥ ಸಾಲು ಸಿದ್ಧವಾಗಿ ಸಿಗುವುದಿಲ್ಲ. ಆದರೆ ಅಲ್ಲಿ ಬೇರೊಂದು ಗುಟ್ಟಿದೆ. ಅಕ್ಷರಗಳ ಮೇಲೆ ಮೌಸ್ ಎಳೆದು ಸೆಲೆಕ್ಟ್ ಮಾಡಿದರೆ ಸಾಕು, ಕಾಪಿ ಆಯಿತು. ಬೇಕಾದ ಜಾಗದಲ್ಲಿ ಮೌಸ್‌ನ ನಡುವಿನ ಚಕ್ರ ಒತ್ತಿದರೆ ಪೇಸ್ಟ್. ಕೀಬೋರ್ಡ್ ಮುಟ್ಟುವುದೇ ಬೇಡ. ಕಂಟ್ರೋಲ್ ಸಿ ಮಾಡಿದ್ದು ಬೇರೆ ಉಳಿದಿರುತ್ತದೆ, ಅಂದರೆ ಒಂದೇ ಹೊತ್ತಿಗೆ ಎರಡು ವಿಷಯ ಕೈಯಲ್ಲಿ. ಹೆಸರು ಒಂದರಲ್ಲಿ, ನಂಬರ್ ಇನ್ನೊಂದರಲ್ಲಿ. ತೊಂದರೆ ಏನೆಂದರೆ, ಸುಮ್ನೆ ಬೇರೆ ಕಡೆ ಮೌಸ್ ಎಳೆದರೂ ಹಳೆಯ ಸೆಲೆಕ್ಷನ್ ಹೋಗಿಬಿಡುತ್ತದೆ.

ಒಬ್ಬರು ಹಿರಿಯರು ಪರದೆ ನೋಡುತ್ತಾ, "ತಮ್ಮಾ, ನಮ್ಮ ನಂಬರ್ ಇದ್ರಾಗ ಉಳಿತೈತೇನು?" ಎಂದು ಕೇಳಿದ್ದರು. ಸರಿಯಾದ ಪ್ರಶ್ನೆ. ವಿಂಡೋಸ್‌ನ ಆ ಸಾಲಿನಲ್ಲಿ ಆಧಾರ್ ನಂಬರ್ ಉಳಿಯುತ್ತದೆ. ಗಿರಾಕಿ ಎದ್ದ ಮೇಲೆ 'ಕ್ಲಿಯರ್ ಆಲ್' ಒತ್ತಲೇಬೇಕು. ಪಿನ್ ಮಾಡಿದ್ದು ಅದರಿಂದ ಅಳಿಯುವುದಿಲ್ಲ, ಹಾಗಾಗಿ ನಂಬರ್ ಯಾವತ್ತೂ ಪಿನ್ ಮಾಡಬಾರದು. ಮಿಂಟ್‌ನಲ್ಲಿ ಈ ಭಯ ಕಡಿಮೆ. ಆದರೂ ಅರ್ಜಿ ಕೆಲಸಕ್ಕೆ ನನ್ನ ಓಟು ವಿಂಡೋಸ್‌ಗೇ.

ಪರದೆಯ ಮೇಲಿನ ಕಿಟಕಿ (ವಿಂಡೋ) ಸರಿಸುವ ವಿಷಯದಲ್ಲಿ ಮಾತ್ರ ಮಿಂಟ್ ಬಿಟ್ಟುಕೊಡುವುದಿಲ್ಲ. ಒಳಗಿನ ಮಾನಿಟರ್ ಚಿಕ್ಕದು. ಕೆಲವು ಕಿಟಕಿಗಳ 'ಓಕೆ' ಬಟನ್ ಕೆಳಗೆ ಪರದೆ ದಾಟಿ ಹೋಗಿರುತ್ತದೆ. ಆಲ್ಟ್ ಹಿಡಿದು ಕಿಟಕಿಯ ಮೈಮೇಲೆ ಎಲ್ಲಾದರೂ ಮೌಸ್ ಇಟ್ಟು ಎಳೆಯಿರಿ, ಬರುತ್ತದೆ. ಮೇಲಿನ ಪಟ್ಟಿಯನ್ನೇ ಹಿಡಿಯಬೇಕಿಲ್ಲ. (ಮಿಂಟ್‌ಗೆ ಬುನಾದಿಯಾದ ಉಬುಂಟುವಿನಲ್ಲಿ ಇದು ಆಲ್ಟ್ ಅಲ್ಲ, ವಿಂಡೋಸ್ ಕೀ.) ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಆಲ್ಟ್ ಸ್ಪೇಸ್, ಆಮೇಲೆ ಎಂ, ಆಮೇಲೆ ಬಾಣದ ಕೀಗಳು. ನಡೆಯುತ್ತದೆ, ಆದರೆ ಗಿರಾಕಿ ಎದುರಿಗಿದ್ದಾಗ ಇಷ್ಟೆಲ್ಲ ಯಾರು ಮಾಡುತ್ತಾರೆ?

ಸ್ಕ್ಯಾನ್ ಮಾಡಿದ ಫೈಲ್‌ಗಳಿಗೆ ಹೆಸರಿಡುವಾಗ ವಿಂಡೋಸ್‌ನ ಒಂದು ಸಣ್ಣ ಚಮತ್ಕಾರ ಬಹಳ ಜನಕ್ಕೆ ಗೊತ್ತಿಲ್ಲ. ಎಫ್2 ಒತ್ತಿ ಹೆಸರು ಬರೆದು, ಎಂಟರ್ ಬದಲು ಟ್ಯಾಬ್ ಒತ್ತಿ. ಮುಂದಿನ ಫೈಲ್ ತಾನಾಗಿಯೇ ಹೆಸರಿಗೆ ತೆರೆದುಕೊಳ್ಳುತ್ತದೆ. ಮಿಂಟ್‌ನಲ್ಲಿ ಹಲವು ಫೈಲ್ ಸೆಲೆಕ್ಟ್ ಮಾಡಿ ಎಫ್2 ಒತ್ತಿದರೆ 'ಬಲ್ಕಿ' ತೆರೆಯುತ್ತದೆ, ಮಿಂಟ್ 20.2ರಿಂದ ಜೊತೆಗೇ ಬರುತ್ತಿದೆ. ಒಂದು ಪದ ಹುಡುಕಿ ಎಲ್ಲ ಹೆಸರಲ್ಲೂ ಬದಲಿಸಬಹುದು. ಒಬ್ಬೊಬ್ಬರ ದಾಖಲೆಗೆ ವಿಂಡೋಸ್, ಮದುವೆ ಫೋಟೋಗಳ ರಾಶಿಗೆ ಮಿಂಟ್.

ಹ್ಯಾಂಗ್ ಆದಾಗ? ವಿಂಡೋಸ್‌ನಲ್ಲಿ ಕಂಟ್ರೋಲ್ ಶಿಫ್ಟ್ ಎಸ್ಕೇಪ್, ನೇರ ಟಾಸ್ಕ್ ಮ್ಯಾನೇಜರ್, ಎಡಗೈಯಲ್ಲೇ ಆಗುತ್ತದೆ. ಪರದೆ ಮಾತ್ರ ಕಪ್ಪಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಬೇಕು. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತದೆ, ತೆರೆದ ಕೆಲಸ ಹೋಗುವುದಿಲ್ಲ. ಮಿಂಟ್‌ನಲ್ಲಿ ಕಂಟ್ರೋಲ್ ಆಲ್ಟ್ ಎಸ್ಕೇಪ್ ಒತ್ತಿದರೆ ಸಿನಮನ್ ಮತ್ತೆ ಶುರುವಾಗುತ್ತದೆ, ಕಿಟಕಿಗಳು ಹಾಗೇ ಇರುತ್ತವೆ. ಅದಕ್ಕೂ ಬಗ್ಗದಿದ್ದರೆ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದು ಎಸ್, ಯು, ಬಿ ಒಂದೊಂದಾಗಿ. ಎಸ್ ಅಂದರೆ ಬಾಕಿ ಬರಹವನ್ನು ಡಿಸ್ಕ್‌ಗೆ ಇಳಿಸು, ಯು ಅಂದರೆ ಡಿಸ್ಕನ್ನು ಓದಲು ಮಾತ್ರ ಬಿಡು, ಬಿ ಅಂದರೆ ರೀಬೂಟ್. ಆರ್, ಇ, ಐ, ಎಸ್, ಯು, ಬಿ ಎಂಬ ಆರು ಅಕ್ಷರದ ಮಂತ್ರ ಎಲ್ಲ ಕಡೆ ಹೇಳುತ್ತಾರೆ, ಆದರೆ ಮಿಂಟ್ ಸೇರಿದ ಉಬುಂಟು ಬಳಗದಲ್ಲಿ, ಸೆಟ್ಟಿಂಗ್ ಬದಲಿಸದಿದ್ದರೆ, ಅದರಲ್ಲಿ ಕೆಲಸ ಮಾಡುವುದು ಈ ಮೂರೇ. ಎರಡೂ ಕೈ ಬೇಕು, ಆದರೂ ಪವರ್ ಬಟನ್ ಹಿಡಿಯುವುದಕ್ಕಿಂತ ಎಷ್ಟೋ ವಾಸಿ.

ವಿಂಡೋಸ್‌ನ 'ಗಾಡ್ ಮೋಡ್' ಫೋಲ್ಡರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಂಟ್ರೋಲ್ ಪ್ಯಾನಲ್‌ನ ಸೆಟ್ಟಿಂಗ್‌ಗಳು ಒಂದೇ ಕಡೆ ಕಾಣುತ್ತವೆ, ನೋಡಲು ಚೆಂದ, ಅಷ್ಟೇ.

ಇನ್ನು ಕನ್ನಡ. 'ರಾಜ್‌ಕುಮಾರ್' ಎಂದು ಬರೆಯಲು ಹೋದರೆ ಒತ್ತಕ್ಷರ ಕೂಡಿಕೊಳ್ಳುತ್ತದೆ ಅಲ್ವಾ? ಮಿಂಟ್‌ನಲ್ಲಿ 'ಜ್' ಆದ ಮೇಲೆ ಕಂಟ್ರೋಲ್ ಶಿಫ್ಟ್ ಯು, ನಂತರ 200ಸಿ (200 ಮತ್ತು ಇಂಗ್ಲಿಷ್ C, ಅಕ್ಷರ ಕೂಡದಂತೆ ತಡೆಯುವ ಕಾಣದ ಗುರುತಿನ ಯೂನಿಕೋಡ್ ಸಂಖ್ಯೆ), ನಂತರ ಸ್ಪೇಸ್. ಅರ್ಧಾಕ್ಷರ ಬೇರೆ ನಿಲ್ಲುತ್ತದೆ, ಫೈರ್‌ಫಾಕ್ಸ್‌ನಲ್ಲೂ ಸರಿ. ವಿಂಡೋಸ್‌ನಲ್ಲಿ ವರ್ಡ್ ಒಳಗೆ 200ಸಿ ಬರೆದು ಆಲ್ಟ್ ಎಕ್ಸ್ ಒತ್ತಬೇಕು, ಆದರೆ ಬ್ರೌಸರ್‌ನ ಅರ್ಜಿಯಲ್ಲಿ ಅದು ನಡೆಯುವುದಿಲ್ಲ. ಹೊಸ ಲಗ್ನಪತ್ರಿಕೆಯನ್ನು ಯೂನಿಕೋಡ್‌ನಲ್ಲಿ ಮಾಡುವುದಾದರೆ ನಾನು ಒಳಗೆ ಹೋಗಿ ಕೂರುತ್ತೇನೆ. ಹಳೆಯ ನುಡಿ (ಕನ್ನಡ ಬೆರಳಚ್ಚು ತಂತ್ರಾಂಶ) ಫೈಲ್ ತಂದರೆ ಮಾತ್ರ ಮುಂದಿನ ಕಂಪ್ಯೂಟರೇ ಗತಿ, ನುಡಿ ಇರುವುದು ಅದರಲ್ಲಿ.